ಗಿಟಾರಿನ ಪಿಕಪ್ ಬದಲಿಸುವ ಮುನ್ನ

ಹೆಸರಘಟ್ಟದ ಕಡೆಯಿಂದ ಒಬ್ಬ ಪದವಿ ವಿದ್ಯಾರ್ಥಿ ಎಲೆಕ್ಟ್ರಿಕ್ ಗಿಟಾರನ್ನು ಬೆನ್ನಿಗೆ ಹಾಕಿಕೊಂಡು ಒಂದು ಭಾನುವಾರ ನಮ್ಮ ಮನೆಗೆ ಬಂದ. ಕೂತ ಕೂಡಲೇ ವಿಷಯಕ್ಕೆ ಬಂದ: "ಸರ್, ಇದರ ಪಿಕಪ್ ಬದಲಾಯಿಸಬೇಕು. ಯಾವುದು ಒಳ್ಳೆಯದು, ಹೆಸರು ಹೇಳಿಬಿಡಿ. ಎರಡು ವರ್ಷ ಚಿಕ್ಕ ಹುಡುಗರಿಗೆ ಪಾಠ ಹೇಳಿ ಕೂಡಿಟ್ಟ ದುಡ್ಡಿದೆ."

ಅವನ ದೂರುಗಳು ಮೂರು. ಆಂಪ್ಲಿಫೈಯರಿಗೆ ಸಿಕ್ಕಿಸಿದೊಡನೆ ಗುಂಯ್ ಎನ್ನುವ ಸದ್ದು. ನುಡಿಸಿದರೆ ನಾದ ಮಂಕು, ಕಂಬಳಿ ಹೊದಿಸಿದಂತೆ. ಮೂರನೆಯದು, ಅವನು ಬಯಸುವ ಒರಟು ಗರ್ಜನೆ ಬರುವುದಿಲ್ಲ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ತಂಡ ನುಡಿಸಿದಾಗ ಅವನ ದೊಡ್ಡ ಅಣ್ಣ ಅಲ್ಲಿದ್ದನಂತೆ. ಅಣ್ಣ ಹೇಳಿದ ಕಥೆಯನ್ನು ಕೇಳುತ್ತಲೇ ಈತ ಬೆಳೆದದ್ದು.

ವಿದ್ಯಾರ್ಥಿ ಮಿತ್ರರೇ, ಹೆಸರು ಹೇಳಿಬಿಡುವುದು ಸುಲಭ. ಆದರೆ ವಿದೇಶದಿಂದ ಬರುವ ಒಳ್ಳೆಯ ಪಿಕಪ್‌ಗಳ ಒಂದು ಜೊತೆಯ ಬೆಲೆ ಕಡಿಮೆ ದರ್ಜೆಯ ಇಡೀ ಗಿಟಾರಿನ ಬೆಲೆಯನ್ನೇ ಮುಟ್ಟುವುದುಂಟು. ಅಷ್ಟು ಹಣ ತೆತ್ತ ಮೇಲೂ ದೂರು ಹಾಗೆಯೇ ಉಳಿದರೆ? ಆದ್ದರಿಂದ ಮೊದಲು ಪಿಕಪ್ ಎಂಬುದು ಏನು ಮಾಡುತ್ತದೆ, ಏನನ್ನು ಮಾಡಲಾರದು ಎಂಬುದನ್ನು ನೋಡೋಣ. ಪಿಯುಸಿಯ ಭೌತಶಾಸ್ತ್ರ ಇದಕ್ಕೆ ಸಾಕು.

ಮೈಕ್ ಗಾಳಿಯ ಅಲೆಯನ್ನು ಕೇಳುತ್ತದೆ. ಪಿಕಪ್ ಗಾಳಿಯನ್ನು ಕೇಳುವುದಿಲ್ಲ, ತಂತಿಯ ಚಲನೆಯನ್ನು ಗಮನಿಸುತ್ತದೆ. ಪ್ಲಾಸ್ಟಿಕ್ ಚೌಕಟ್ಟೊಂದಕ್ಕೆ ಅತಿ ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಒಳಗೆ ಅಯಸ್ಕಾಂತ. ಅದು ಮೇಲಿನ ಉಕ್ಕಿನ ತಂತಿಯನ್ನೂ ಸ್ವಲ್ಪ ಅಯಸ್ಕಾಂತವಾಗಿಸುತ್ತದೆ. ತಂತಿ ಅಲುಗಿದಾಗ ಸುರುಳಿಯ ಮೂಲಕ ಹಾಯುವ ಕಾಂತಪ್ರವಾಹ ಹೆಚ್ಚು ಕಡಿಮೆಯಾಗುತ್ತದೆ, ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ಪ್ರೇರಣೆಯೇ ಇದು. ಅದನ್ನು ಗಿಟಾರಿಗೆ ತರಲು ಸರಿಯಾಗಿ ನೂರು ವರ್ಷ ಹಿಡಿಯಿತು. 1931ರಲ್ಲಿ ಅಮೆರಿಕದ ಜಾರ್ಜ್ ಬೋಶಾಮ್ ಕುದುರೆಲಾಳದ ಆಕಾರದ ಅಯಸ್ಕಾಂತಗಳನ್ನಿಟ್ಟು ಪಿಕಪ್ ರೂಪಿಸಿದ. ಅಡಾಲ್ಫ್ ರಿಕೆನ್‌ಬ್ಯಾಕರ್ ಜೊತೆಗೂಡಿ ತಂದ ಆ ಅಲ್ಯೂಮಿನಿಯಮ್ ಗಿಟಾರಿಗೆ ಜನ ಬಾಣಲೆ ಎಂದೇ ಅಡ್ಡಹೆಸರಿಟ್ಟರು.

ಇದರಿಂದ ಎರಡು ಮಾತು ತಾನಾಗಿಯೇ ತಿಳಿಯುತ್ತದೆ. ನೈಲಾನ್ ತಂತಿಯ ಗಿಟಾರಿಗೆ ಈ ಪಿಕಪ್ ಕಿವುಡು. ನಮ್ಮ ವೀಣೆಯ ಉಕ್ಕಿನ ತಂತಿಗಳಿಗೆ ಅದು ಚೆನ್ನಾಗಿ ಸ್ಪಂದಿಸುತ್ತದೆ. ವೀಣೆಯ ತಂತಿಗಳ ಕೆಳಗೆ ಇಂಥದೇ ಪಿಕಪ್ ಅಳವಡಿಸಿಕೊಂಡು ಕಛೇರಿ ಮಾಡುವ ವೈಣಿಕರನ್ನು ನೀವು ನೋಡಿರಬಹುದು. ಆದರೆ ಹಲಸಿನ ಮರದ ಕೊಡದೊಳಗೆ ಹುಟ್ಟುವ ಗಾಳಿಯ ಗುಂಗನ್ನು ಅದು ಹಿಡಿಯುವುದಿಲ್ಲ. ಪಿಕಪ್ ಹಾಕಿದ ವೀಣೆ ಕೇಳಿ ಹಿರಿಯ ರಸಿಕರು ಮುಖ ಸಿಂಡರಿಸುವುದಕ್ಕೆ ಕಾರಣ ಇಲ್ಲಿದೆ. ಅವರ ದೂರು ನ್ಯಾಯವಾದದ್ದೇ.

ಸುರುಳಿಯ ಅಳತೆಯನ್ನು ಒಮ್ಮೆ ಯೋಚಿಸಿ. ಫೆಂಡರ್ ಸ್ಟ್ರಾಟೊಕ್ಯಾಸ್ಟರ್ ಗಿಟಾರ್ 1954ರಲ್ಲಿ ಬಂತು. ಅದರ ಮಾದರಿಯ ಒಂದು ಪಿಕಪ್‌ಗೆ ಸುಮಾರು 8,000 ಸುತ್ತು. ತಂತಿಯ ದಪ್ಪ ಸುಮಾರು 0.063 ಮಿಲಿಮೀಟರ್, ಅಂದರೆ ತಲೆಗೂದಲಿನಷ್ಟು. ಅದರ ರೋಧ ಮೀಟರಿಗೆ 5.4 ಓಮ್. ಇಡೀ ಸುರುಳಿಯನ್ನು ಮಲ್ಟಿಮೀಟರಿನಿಂದ ಅಳೆದರೆ ಸುಮಾರು 6,000 ಓಮ್ ಬರುತ್ತದೆ. ಭಾಗಿಸಿ ನೋಡಿ: ಬೆರಳುದ್ದದ ಆ ಪೆಟ್ಟಿಗೆಯೊಳಗೆ 1 ಕಿಲೋಮೀಟರಿಗೂ ಹೆಚ್ಚು ತಂತಿ ಇದೆ!

ಅಂಗಡಿಯವರು, ಜಾಹೀರಾತಿನವರು ಹಿಡಿದುಕೊಳ್ಳುವುದು ಈ ಓಮ್ ಸಂಖ್ಯೆಯನ್ನೇ. "ಇದು 6 ಕಿಲೋಓಮ್, ಅದು 14 ಕಿಲೋಓಮ್, ಅದಕ್ಕೇ ಶಕ್ತಿ ಜಾಸ್ತಿ" ಎನ್ನುತ್ತಾರೆ. ಇದನ್ನು ಪೂರ್ತಿ ನಂಬಬೇಡಿ. ಅಷ್ಟೇ ಸುತ್ತನ್ನು ಒಂದು ದರ್ಜೆ ತೆಳುವಾದ ತಂತಿಯಿಂದ ಸುತ್ತಿದರೆ 6 ಕಿಲೋಓಮ್ ಏಳೂವರೆಯಾಗುತ್ತದೆ. ಸುತ್ತು ಹೆಚ್ಚಾಗಿಲ್ಲ, ಶಕ್ತಿಯೂ ಹೆಚ್ಚಾಗಿಲ್ಲ. ಇನ್ನೂ ಒಂದು ತಮಾಷೆಯಿದೆ. ತಾಮ್ರದ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಶೇಕಡಾ 0.39ರಷ್ಟು ಏರುತ್ತದೆ. ಡಿಸೆಂಬರಿನ ಬೆಳಗ್ಗೆ ಕೆರೆಯ ಮೇಲಿನ ಚಳಿಗಾಳಿಯಲ್ಲಿ, 15 ಡಿಗ್ರಿಯಲ್ಲಿ ಅಳೆದ ಪಿಕಪ್ಪನ್ನೇ ಏಪ್ರಿಲ್ ಮಧ್ಯಾಹ್ನ 35 ಡಿಗ್ರಿಯಲ್ಲಿ ಅಳೆಯಿರಿ. ಶೇಕಡಾ 8ರಷ್ಟು "ಶಕ್ತಿ" ಬಿಸಿಲಿನಲ್ಲೇ ಬಂದಿರುತ್ತದೆ!

ನಾದದ ಗುಣವನ್ನು ನಿರ್ಧರಿಸುವ ಸಂಗತಿ ಬೇರೆ. ಸುರುಳಿಗೆ ಪ್ರೇರಕತೆ ಇದೆ. ಅದನ್ನು ಆಂಪ್ಲಿಫೈಯರಿಗೆ ಜೋಡಿಸುವ ಕೇಬಲಿಗೆ ಧಾರಕತೆ ಇದೆ. ಎರಡೂ ಸೇರಿ ಅನುರಣನದ ಒಂದು ಶಿಖರ ಏಳುತ್ತದೆ. ಆ ಕಂಪನಾಂಕದ ಸುತ್ತಲಿನ ನಾದ ಉಬ್ಬುತ್ತದೆ, ಅದಕ್ಕಿಂತ ಮೇಲಿನದು ಬೇಗನೆ ಕುಸಿಯುತ್ತದೆ. ಸೂತ್ರ ನಿಮಗೆ ಗೊತ್ತು: ಪ್ರೇರಕತೆ ಮತ್ತು ಧಾರಕತೆಗಳನ್ನು ಗುಣಿಸಿ, ವರ್ಗಮೂಲ ತೆಗೆದು, ಅದನ್ನು 2 ಪೈಯಿಂದ ಗುಣಿಸಿ, 1ನ್ನು ಅದರಿಂದ ಭಾಗಿಸಬೇಕು.

ಒಂಟಿ ಸುರುಳಿಯ ಪಿಕಪ್‌ಗೆ 2.5 ಹೆನ್ರಿ ಎಂದಿಟ್ಟುಕೊಳ್ಳಿ. ಸಾಧಾರಣ ಕೇಬಲಿಗೆ ಮೀಟರಿಗೆ 100 ಪಿಕೋಫ್ಯಾರಡ್. 5 ಮೀಟರ್ ಕೇಬಲ್ ಮತ್ತು ಸುರುಳಿಯ ಸ್ವಂತದ್ದು ಸೇರಿ 600 ಎನ್ನೋಣ. ಶಿಖರ ಸುಮಾರು 4,100 ಹರ್ಟ್ಸ್‌ನಲ್ಲಿ ಬರುತ್ತದೆ; ನಾದ ಹೊಳೆಯುತ್ತದೆ. ಜೋಡಿ ಸುರುಳಿಯ ಪಿಕಪ್‌ಗೆ 4.5 ಹೆನ್ರಿ ಇದ್ದರೆ ಅದೇ ಕೇಬಲಿನಲ್ಲಿ ಶಿಖರ 3,060 ಹರ್ಟ್ಸ್‌ಗೆ ಇಳಿಯುತ್ತದೆ. ನಾದ ತುಂಬಿಕೊಂಡು, ಮೃದುವಾಗುತ್ತದೆ. ವಿಪರೀತ ಸುತ್ತಿದ 8 ಹೆನ್ರಿಯದಾದರೆ 2,300ಕ್ಕೆ. ಇದರ ಅರ್ಥ, ಸುತ್ತು ಹೆಚ್ಚಿದಂತೆ ಸದ್ದು ಜೋರಾಗುತ್ತದೆ, ಹೊಳಪು ಕಳೆಯುತ್ತದೆ. ಎರಡೂ ಒಟ್ಟಿಗೆ ಸಿಗುವುದು ಕಷ್ಟ.

ಈಗ ಒಂಟಿ ಸುರುಳಿಯ ಪಿಕಪ್ಪನ್ನೇ ಇಟ್ಟುಕೊಂಡು ಕೇಬಲನ್ನು ಮಾತ್ರ 10 ಮೀಟರ್ ಮಾಡಿ. ಧಾರಕತೆ 1,100 ಪಿಕೋಫ್ಯಾರಡ್ ಆಯಿತು. ಶಿಖರ ಎಲ್ಲಿಗೆ ಬಂತು? 3,035 ಹರ್ಟ್ಸ್‌ಗೆ. ಪಿಕಪ್ ಬದಲಿಸಿದಷ್ಟೇ ದೂರ ಅದು ಕೆಳಗಿಳಿದಿದೆ.

ನಮ್ಮ ಹುಡುಗನ ಚೀಲದಿಂದ ಹೊರಬಂದ ಕೇಬಲ್ ಎಷ್ಟುದ್ದ ಎನ್ನುತ್ತೀರಿ? ಸರಿಯಾಗಿ 10 ಮೀಟರ್. ಮಲಗುವ ಕೋಣೆಯಲ್ಲಿ ನುಡಿಸುವವನಿಗೆ ಅದರ ಅಗತ್ಯವಿರಲಿಲ್ಲ. ಇನ್ನು ತಂತಿಗಳು: ಬೆವರು ಕುಡಿದು ಕಪ್ಪಾಗಿದ್ದವು. "ಯಾವಾಗ ಬದಲಿಸಿದ್ದೆಯಪ್ಪ?" ಎಂದೆ. "ಬದಲಿಸಬೇಕಾ ಸರ್?" ಎಂದ. ಹೊಸ ತಂತಿ, 3 ಮೀಟರಿನ ಕೇಬಲ್ ಹಾಕಿದ ಮೇಲೆ ಕಂಬಳಿಯ ಮುಕ್ಕಾಲು ಭಾಗ ಸರಿಯಿತು. ಇದಕ್ಕೆ ಆದ ಖರ್ಚು ಅವನ ಉಳಿತಾಯದ ಒಂದು ಸಣ್ಣ ಚೂರು.

ಉಳಿದ ಕಾಲು ಭಾಗ ಪಿಕಪ್‌ನ ಎತ್ತರದಲ್ಲಿತ್ತು. ಪಿಕಪ್‌ನ ಎರಡು ತುದಿಯ ಸ್ಕ್ರೂಗಳನ್ನು ತಿರುಗಿಸಿ ಅದನ್ನು ಏರಿಸಬಹುದು, ಇಳಿಸಬಹುದು. ಸದ್ದು ಹೆಚ್ಚಲಿ ಎಂದು ಈತ ಮೂರನ್ನೂ ತಂತಿಗೆ ತಾಗುವಂತೆ ಏರಿಸಿದ್ದ. ಹೀಗೆ ಮಾಡಿದರೆ ಅಯಸ್ಕಾಂತ ತಂತಿಯನ್ನು ಎಳೆದು ಅದರ ಕಂಪನವನ್ನೇ ಕೆಡಿಸುತ್ತದೆ. ಮೇಲಿನ ಮೆಟ್ಟುಗಳಲ್ಲಿ ದಪ್ಪ ತಂತಿ ಒತ್ತಿದರೆ ಒಂದೇ ಸ್ವರದೊಳಗೆ ಎರಡು ಶ್ರುತಿ ಕಾದಾಡಿದಂತೆ ಕೇಳುತ್ತದೆ. ಬಿರಡೆಯನ್ನು ಎಷ್ಟು ತಿರುಗಿಸಿದರೂ ಅದು ಸರಿಹೋಗದು. ಕೊನೆಯ ಮೆಟ್ಟಿನಲ್ಲಿ ತಂತಿಯನ್ನು ಒತ್ತಿ ಹಿಡಿದು, ತಂತಿಯ ಅಡಿಗೂ ಪಿಕಪ್‌ನ ಕಂಬದ ತುದಿಗೂ ಇರುವ ಅಂತರವನ್ನು ಅಳೆಯಿರಿ. ಒಂಟಿ ಸುರುಳಿಗೆ ದಪ್ಪ ತಂತಿಯ ಕಡೆ 2 ಮಿಲಿಮೀಟರ್, ತೆಳು ತಂತಿಯ ಕಡೆ 1.6 ಮಿಲಿಮೀಟರ್ ಒಳ್ಳೆಯ ಆರಂಭ. ಅಲ್ಲಿಂದ ಮುಂದೆ ಕಿವಿಯೇ ಗುರು.

ಇನ್ನು ಗುಂಯ್‌ಗುಡುವಿಕೆ. ಇದರ ಬಗ್ಗೆ ನಿಧಾನವಾಗಿ ನೋಡೋಣ, ಏಕೆಂದರೆ ಇಲ್ಲಿ ಹಣದ ಜೊತೆಗೆ ಜೀವದ ಪ್ರಶ್ನೆಯೂ ಇದೆ.

ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ 100 ಬಾರಿ ದಿಕ್ಕು ಬದಲಿಸುತ್ತದೆ. ಟ್ರಾನ್ಸ್‌ಫಾರ್ಮರ್, ಫ್ಯಾನು, ಫ್ರಿಜ್ಜು, ಹಳೆಯ ಟ್ಯೂಬ್‌ಲೈಟಿನ ಚೋಕು ಎಲ್ಲವೂ ಸುತ್ತ ಕಾಂತಕ್ಷೇತ್ರವನ್ನು ಚೆಲ್ಲುತ್ತವೆ. ಕಿಲೋಮೀಟರ್ ತಂತಿಯ ಸುರುಳಿ ಇದನ್ನೂ ಹಿಡಿದುಕೊಳ್ಳುತ್ತದೆ. ಅದಕ್ಕೆ ಗಿಟಾರಿನ ತಂತಿ ಯಾವುದು, ಫ್ರಿಜ್ಜು ಯಾವುದು ಎಂಬ ಭೇದವಿಲ್ಲ. ಗಿಬ್ಸನ್ ಕಂಪನಿಯ ಎಂಜಿನಿಯರ್ ಸೇತ್ ಲವರ್ 1955ರಲ್ಲಿ ಇದಕ್ಕೆ ಉಪಾಯ ಕಂಡುಹಿಡಿದ. ಎರಡು ಸುರುಳಿಗಳನ್ನು ಪಕ್ಕಪಕ್ಕದಲ್ಲಿಟ್ಟು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿದ. ಹೊರಗಿನ ಗುಂಯ್ ಎರಡರಲ್ಲೂ ಸಮನಾಗಿ ಹುಟ್ಟಿ ಒಂದನ್ನೊಂದು ಅಳಿಸುತ್ತದೆ. ಹಾಗಾದರೆ ಗಿಟಾರಿನ ನಾದವೂ ಅಳಿಸಿಹೋಗಬೇಕಲ್ಲ? ಇಲ್ಲ. ಒಂದು ಸುರುಳಿಗೆ ಅಯಸ್ಕಾಂತದ ಉತ್ತರ ಧ್ರುವ, ಇನ್ನೊಂದಕ್ಕೆ ದಕ್ಷಿಣ. ಆದ್ದರಿಂದ ತಂತಿಯ ಸಂಕೇತ ಎರಡು ಸಲ ತಿರುಗಿ, ಕೂಡಿಕೊಳ್ಳುತ್ತದೆ. ಇದಕ್ಕೆ ಹಂಬಕರ್ ಎಂದು ಹೆಸರು. 1957ರಿಂದ ಗಿಬ್ಸನ್ ಗಿಟಾರುಗಳಲ್ಲಿ ಬಂತು; ಪೇಟೆಂಟ್ ಸಿಕ್ಕಿದ್ದು 1959ರಲ್ಲಿ. ನಡುವಿನ ವರ್ಷಗಳಲ್ಲಿ ಅದರ ತಳಕ್ಕೆ "ಪೇಟೆಂಟಿಗೆ ಅರ್ಜಿ ಹಾಕಲಾಗಿದೆ" ಎಂಬ ಚೀಟಿ ಅಂಟಿಸುತ್ತಿದ್ದರು. ಆ ಚೀಟಿಯ ಮೊದಲಕ್ಷರಗಳಾದ ಪಿಎಎಫ್ ಎಂಬುದೇ ಇಂದು ಒಂದು ಬಗೆಯ ನಾದದ ಹೆಸರಾಗಿ ಕೂತಿದೆ!

ಹೆಸರಘಟ್ಟದಲ್ಲಿ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆ ಇದೆಯಷ್ಟೆ. 1940ರ ದಶಕದಲ್ಲಿ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನ ವಿಭಾಗವಾಗಿ ಹುಟ್ಟಿ, ಗುರುದತ್ತರ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರಂಥವರನ್ನು ಕೊಟ್ಟ ಸಂಸ್ಥೆ ಅದು. ಅಲ್ಲಿ ಧ್ವನಿಗ್ರಹಣ ಕಲಿಯುವವರಿಗೆ ಹಂಬಕರ್‌ನ ಉಪಾಯ ಹೊಸದೆನಿಸದು. ಮೈಕಿನ ಉದ್ದನೆಯ ಕೇಬಲಿನಲ್ಲಿ ಎರಡು ತಂತಿಗಳ ಮೂಲಕ ಒಂದೇ ಸಂಕೇತವನ್ನು ವಿರುದ್ಧ ದಿಕ್ಕಿನಲ್ಲಿ ಕಳಿಸಿ, ಕೊನೆಗೆ ಒಂದರಿಂದ ಇನ್ನೊಂದನ್ನು ಕಳೆದು, ದಾರಿಯಲ್ಲಿ ಸೇರಿಕೊಂಡ ಗದ್ದಲವನ್ನು ತೊಡೆಯುತ್ತಾರೆ. ತತ್ತ್ವ ಒಂದೇ.

ಆದರೆ ಎಲ್ಲ ಗದ್ದಲಕ್ಕೂ ಹಂಬಕರ್ ಮದ್ದಲ್ಲ. ಪರೀಕ್ಷೆ ಸುಲಭ. ಗಿಟಾರನ್ನು ಹಿಡಿದು ಕೂತಲ್ಲಿಯೇ ನಿಧಾನವಾಗಿ ಸುತ್ತು ತಿರುಗಿ. ಒಂದು ದಿಕ್ಕಿನಲ್ಲಿ ಗುಂಯ್ ಹೆಚ್ಚಿ ಇನ್ನೊಂದರಲ್ಲಿ ಅಡಗಿದರೆ ಅದು ಕಾಂತಕ್ಷೇತ್ರದ ಕಾಟ; ಹಂಬಕರ್ ನೆರವಾಗುತ್ತದೆ. ಹಾಗಲ್ಲದೆ, ತಂತಿಯನ್ನು ಬೆರಳಿನಿಂದ ಮುಟ್ಟಿದ ಕೂಡಲೇ ಜರ್ ಎನ್ನುವ ಸದ್ದು ಕಡಿಮೆಯಾದರೆ ಅದು ವಿದ್ಯುತ್ ಕ್ಷೇತ್ರದ್ದು. ಅದಕ್ಕೆ ಬೇಕಾದ್ದು ಒಳಗುಳಿಗೆ ತಾಮ್ರದ ಹಾಳೆಯ ಹೊದಿಕೆ ಮತ್ತು ಸರಿಯಾದ ಅರ್ತಿಂಗ್, ಹೊಸ ಪಿಕಪ್ ಅಲ್ಲ.

ನಮ್ಮ ಹುಡುಗನಿಗೆ ಎರಡೂ ಇತ್ತು. ಆಂಪ್ಲಿಫೈಯರಿನ ಪ್ಲಗ್ಗನ್ನು ನೋಡಿದೆ. ಮೂರು ಪಿನ್ನಿನಲ್ಲಿ ದಪ್ಪನೆಯ ಅರ್ತ್ ಪಿನ್ ಮುರಿದಿತ್ತು. "ಎರಡರಲ್ಲೇ ಕೆಲಸ ಮಾಡುತ್ತದಲ್ಲ ಸರ್" ಎಂದ. ಗಿಟಾರಿನ ಉಕ್ಕಿನ ತಂತಿಗಳನ್ನು ಕುದುರೆಯ ಮೂಲಕ ಕೇಬಲಿನ ಹೊದಿಕೆಗೆ, ಅಲ್ಲಿಂದ ಆಂಪ್ಲಿಫೈಯರಿನ ಲೋಹದ ಚೌಕಟ್ಟಿಗೆ ಜೋಡಿಸಿರುತ್ತಾರೆ. ಆಂಪ್ಲಿಫೈಯರಿಗೆ ಅರ್ತ್ ಇಲ್ಲದೆ ಒಳಗೆ ಸೋರಿಕೆ ಆದರೆ 230 ವೋಲ್ಟ್ ನಿಮ್ಮ ಬೆರಳಿನಲ್ಲಿರುತ್ತದೆ. ತುಟಿ ಮೈಕಿಗೆ ತಾಗಿದರೆ ದೇಹವೇ ದಾರಿ. ಅರ್ತ್ ಸರಿಯಿಲ್ಲದ್ದು ಮೈಕಿನ ಕಡೆಯಾದರೂ ಫಲ ಅದೇ. 1972ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ ಅರ್ತ್ ಇಲ್ಲದ ಮೈಕನ್ನು ಮುಟ್ಟಿ ವೇದಿಕೆಯ ಮೇಲೆಯೇ ತೀರಿಕೊಂಡ. ಪಿಕಪ್ ತಾನು ಹುಟ್ಟಿಸುವ ವಿದ್ಯುತ್ತು ಕೆಲವು ನೂರು ಮಿಲಿವೋಲ್ಟ್, ಅದು ಯಾರನ್ನೂ ಏನೂ ಮಾಡದು. ಅಪಾಯವಿರುವುದು ಕೇಬಲಿನ ಆ ತುದಿಯಲ್ಲಿ. ಕಾಲೇಜಿನ ವಾರ್ಷಿಕೋತ್ಸವದಲ್ಲಿ ಶಾಮಿಯಾನದ ಕೆಳಗೆ ನುಡಿಸುವವರು ವಿದ್ಯುತ್ ಕೆಲಸದವರನ್ನು ಅರ್ತ್ ಬಗ್ಗೆ ನಾಚಿಕೆಯಿಲ್ಲದೆ ಕೇಳಿ. ಆ ದಿನ ಹೊಸ ಪ್ಲಗ್ ಹಾಕುವ ತನಕ ಅವನ ಕೈಗೆ ಗಿಟಾರ್ ಕೊಡಲಿಲ್ಲ.

ಇಷ್ಟೆಲ್ಲ ಆದ ಮೇಲೂ ತಿರುಗಿದಾಗ ಏರಿಳಿಯುವ ಗುಂಯ್ ಉಳಿಯಿತು. ಗರ್ಜನೆಯೂ ಬಂದಿರಲಿಲ್ಲ. ಈಗ ಪಿಕಪ್ ಆರಿಸುವ ಮಾತು ನ್ಯಾಯವಾಯಿತು.

ಮೂರನ್ನೂ ಬದಲಿಸಬೇಕೆ? ಬೇಡ ಎಂದೆ. ಪಿಕಪ್ ಇರುವ ಜಾಗಕ್ಕೇ ಒಂದು ಸ್ವಭಾವವಿದೆ. 648 ಮಿಲಿಮೀಟರ್ ಉದ್ದದ ತಂತಿಯಲ್ಲಿ ಕುದುರೆಯಿಂದ 162 ಮಿಲಿಮೀಟರ್ ದೂರ, ಅಂದರೆ ಕಾಲು ಭಾಗದ ಬಿಂದು, ನಾಲ್ಕನೆಯ ಸಂಗತ ಸ್ವರಕ್ಕೆ ಅಚಲ ಬಿಂದು. ಅಲ್ಲಿ ಕೂತ ಪಿಕಪ್‌ಗೆ ಬಿಟ್ಟ ತಂತಿಯ ಆ ಸ್ವರ ಕೇಳಿಸುವುದೇ ಇಲ್ಲ. ಎಷ್ಟು ಬೆಲೆಯ ಪಿಕಪ್ ತಂದಿಟ್ಟರೂ ಕೇಳಿಸದು. ಕತ್ತಿನ ಕಡೆಯ ಪಿಕಪ್‌ನ ದುಂಡನೆಯ ನಾದಕ್ಕೂ ಕುದುರೆಯ ಕಡೆಯದರ ಚೂಪು ನಾದಕ್ಕೂ ಮುಖ್ಯ ಕಾರಣ ಜಾಗವೇ. ಗರ್ಜನೆಗೆ ಬಳಸುವುದು ಕುದುರೆಯ ಕಡೆಯದನ್ನು. ಅದೊಂದನ್ನೇ ಬದಲಿಸಿದರೆ ಸಾಕು. ಉಳಿದೆರಡರ ಹೊಳಪು ಭಾವಗೀತೆಗೆ, ಮೆಲುದನಿಯ ಹಾಡಿಗೆ ಉಪಯೋಗಕ್ಕೆ ಬರುತ್ತದೆ.

ಮೆಟಾಲಿಕಾದ ಜೇಮ್ಸ್ ಹೆಟ್‌ಫೀಲ್ಡ್, ಕರ್ಕ್ ಹ್ಯಾಮೆಟ್ ಹೆಸರಾದದ್ದು ಇಎಂಜಿ ಕಂಪನಿಯ ಸಕ್ರಿಯ ಪಿಕಪ್‌ಗಳಿಂದ. ಅವುಗಳಲ್ಲಿ ಸುತ್ತು ಕಡಿಮೆ, ಒಳಗೇ ಪುಟ್ಟ ವರ್ಧಕ, ಅದಕ್ಕೆ 9 ವೋಲ್ಟಿನ ಬ್ಯಾಟರಿ. ಗದ್ದಲ ಬಹಳ ಕಡಿಮೆ. ಆದರೆ ಗಿಟಾರಿನ ಪೊಟೆನ್ಶಿಯೊಮೀಟರುಗಳನ್ನೂ ತೆಗೆದು 25 ಕಿಲೋಓಮಿನವನ್ನು ಹಾಕಬೇಕು, ಬ್ಯಾಟರಿಗೆ ಜಾಗ ಹುಡುಕಬೇಕು, ಹಳೆಯ ಮಾದರಿಯ ಪಿಕಪ್‌ಗಳೊಂದಿಗೆ ಬೆರೆಸುವುದು ತಲೆನೋವು. ವಿದ್ಯಾರ್ಥಿಗೆ ನಾನು ಅದನ್ನು ಹೇಳುವುದಿಲ್ಲ. ಐರನ್ ಮೇಡನ್ ತಂಡ 2007ರ ಮಾರ್ಚ್ 17ರಂದು ಅದೇ ಅರಮನೆ ಮೈದಾನದಲ್ಲಿ ನುಡಿಸಿತ್ತು. ಅದರ ಡೇವ್ ಮರ್ರೆ ಹಿಡಿದ ದಾರಿ ನಮ್ಮ ಹುಡುಗನಿಗೆ ಹತ್ತಿರ: ಸ್ಟ್ರಾಟೊಕ್ಯಾಸ್ಟರ್ ಗಿಟಾರಿಗೇ, ಮರ ಕೊರೆಯದೆ, ಒಂಟಿ ಸುರುಳಿಯ ಗಾತ್ರದಲ್ಲೇ ಕೂರುವ ಹಂಬಕರ್.

ಇಂಥ ಪಿಕಪ್ಪುಗಳಲ್ಲಿ ಅನೇಕಕ್ಕೆ ಆರು ಕಂಬಗಳ ಬದಲು ಉದ್ದನೆಯ ಉಕ್ಕಿನ ಪಟ್ಟಿ ಇರುತ್ತದೆ. ಗಿಟಾರಿನಲ್ಲಿ ಕರ್ನಾಟಕ ಸಂಗೀತ ನುಡಿಸಬಯಸುವವರು ಇದನ್ನು ಗಮನಿಸಿ. ಗಮಕಕ್ಕಾಗಿ ತಂತಿಯನ್ನು ಪಕ್ಕಕ್ಕೆ ಎಳೆದಾಗ ಅದು ತನ್ನ ಕಂಬದಿಂದ ದೂರ ಸರಿದು ದನಿ ಅಲ್ಪ ಇಳಿಯಬಹುದು. ಪಟ್ಟಿಯ ಮೇಲೆ ಆ ಇಳಿತವಿಲ್ಲ. ಕಂಬಗಳಿರುವುದನ್ನೇ ಕೊಳ್ಳುವುದಾದರೆ ಮೊದಲ ಮತ್ತು ಆರನೆಯ ತಂತಿಗಳ ನಡುವಿನ ಅಂತರವನ್ನು ಪಿಕಪ್ ಇರುವ ಜಾಗದಲ್ಲಿ ಅಳೆದುಕೊಂಡೇ ಹೋಗಿ. ಗಿಟಾರಿನಿಂದ ಗಿಟಾರಿಗೆ ಅದು 49ರಿಂದ 53 ಮಿಲಿಮೀಟರಿನವರೆಗೆ ಬದಲಾಗುತ್ತದೆ. ಅಯಸ್ಕಾಂತ ಅಲ್ನಿಕೊ ಇರಬೇಕೋ ಸೆರಾಮಿಕ್ ಇರಬೇಕೋ ಎಂದು ಹುಡುಗರು ಗಂಟೆಗಟ್ಟಲೆ ವಾದಿಸುತ್ತಾರೆ. ಸುತ್ತಿನ ಸಂಖ್ಯೆಯ ಮುಂದೆ ಅದು ಸಣ್ಣ ಮಾತು ಎಂಬುದು ನನ್ನ ಅಭಿಪ್ರಾಯ.

ಹೊಸದನ್ನು ತಂದು ಬೆಸುಗೆ ಹಾಕಿದ್ದು ಅವನೇ. ಬೆಸುಗೆಯ ಸಾಮಾನು, ತಾಮ್ರದ ಹಾಳೆ ಎಸ್.ಪಿ. ರಸ್ತೆಯಲ್ಲಿ ಕೊಂಡ. ಕುದುರೆಯ ಕಡೆಯ ಪಿಕಪ್ ಒಂದೇ ನುಡಿಸಿದರೆ ಗುಂಯ್ ಇಲ್ಲ, ಗರ್ಜನೆ ಇದೆ. ನಡುವಿನದರ ಜೊತೆ ಸೇರಿಸಿದರೆ ಮಾತ್ರ ನಾದ ಸೊರಗಿ, ರೇಡಿಯೋ ಮೂಗಿನಿಂದ ಹಾಡಿದಂತಾಯಿತು. ಗಾಬರಿಯಾಗಿ ಫೋನ್ ಮಾಡಿದ: "ಸರ್, ಪಿಕಪ್ ಕೆಟ್ಟಿದೆ, ವಾಪಸ್ ಕೊಡಲಾ?"

ಕೆಟ್ಟಿರಲಿಲ್ಲ. ಎರಡೂ ಪಿಕಪ್‌ಗಳ ಸಂಕೇತ ಒಂದಕ್ಕೊಂದು ತಿರುಗುಮುರುಗಾಗಿತ್ತು. ಬೇರೆ ಬೇರೆ ಕಂಪನಿಯವರು ತಂತಿಗಳಿಗೆ ಬೇರೆ ಬೇರೆ ಬಣ್ಣ ಕೊಡುತ್ತಾರೆ. ಒಬ್ಬರ ನಕ್ಷೆ ಇನ್ನೊಬ್ಬರದಕ್ಕೆ ಹೊಂದದು. ಪತ್ತೆ ಮಾಡುವುದು ಹೀಗೆ. ಮುಳ್ಳಿರುವ ಹಳೆಯ ಮಲ್ಟಿಮೀಟರನ್ನು ಅತಿ ಕಡಿಮೆ ಡಿಸಿ ವ್ಯಾಪ್ತಿಗೆ ಇಟ್ಟು ಪಿಕಪ್‌ನ ಎರಡು ತಂತಿಗೆ ಜೋಡಿಸಿ. ಉಕ್ಕಿನ ಸ್ಕ್ರೂಡ್ರೈವರಿನ ಅಲಗನ್ನು ಕಂಬದ ಮೇಲಿಟ್ಟು ಫಕ್ಕನೆ ಮೇಲಕ್ಕೆತ್ತಿ. ಮುಳ್ಳು ಯಾವ ಕಡೆ ಜಿಗಿಯಿತು ನೋಡಿ. ಎಲ್ಲ ಪಿಕಪ್‌ಗಳಲ್ಲೂ ಅದು ಒಂದೇ ಕಡೆ ಜಿಗಿಯುವಂತೆ ತಂತಿಗಳನ್ನು ಜೋಡಿಸಬೇಕು. ಫ್ಯಾರಡೆಯ ಪ್ರಯೋಗವನ್ನು ಅಡುಗೆಮನೆಯ ಮೇಜಿನ ಮೇಲೆ ಮಾಡಿದ ಹಾಗೆ. ಅವನು ಬರಿಯ ಹೊದಿಕೆ ತಂತಿಯನ್ನು ಇದ್ದಲ್ಲೇ ಬಿಟ್ಟು, ಉಳಿದೆರಡು ತುದಿಗಳನ್ನು ಅದಲುಬದಲು ಮಾಡಿದ.

ಇನ್ನೊಂದು ಸಂಗತಿ ಉಳಿಯಿತು. ಗಿಟಾರಿನಲ್ಲಿದ್ದ ಪೊಟೆನ್ಶಿಯೊಮೀಟರುಗಳು ಒಂಟಿ ಸುರುಳಿಗೆ ಒಗ್ಗುವ 250 ಕಿಲೋಓಮಿನವು. ಹಂಬಕರ್‌ಗೆ ಸಾಮಾನ್ಯವಾಗಿ 500 ಹಾಕುತ್ತಾರೆ. ಕಡಿಮೆ ರೋಧ ಅನುರಣನದ ಶಿಖರವನ್ನು ತಗ್ಗಿಸಿ ನಾದವನ್ನು ಮೆತ್ತಗಾಗಿಸುತ್ತದೆ. "ಬದಲಿಸಲಾ ಸರ್?" ಎಂದ. ಒಂದು ತಿಂಗಳು ಹೀಗೆಯೇ ನುಡಿಸಿ ನೋಡು ಎಂದೆ. ತಿಂಗಳ ಮೇಲೆ ಬಂದಾಗ ಅದರ ಮಾತೇ ಎತ್ತಲಿಲ್ಲ. ಉಳಿದ ದುಡ್ಡಿನಲ್ಲಿ ಒಬ್ಬ ಮೇಷ್ಟ್ರ ಬಳಿ ವಾರಕ್ಕೆರಡು ಪಾಠಕ್ಕೆ ಸೇರಿದ್ದ.